ಮೂರು ದಿನದಲ್ಲಿ ಇಪ್ಪತ್ತು ಸಾಲು

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಉಷಾ ಆಂಟಿ ನಮ್ಮ ಮನೆಗೆ ಬಂದದ್ದು ಬುಧವಾರ ಎಂದು ನನ್ನ ಡೈರಿ ಹೇಳುತ್ತದೆ. ಆದರೆ ಡೈರಿ ಬರೆಯುವವಳೂ ನಾನೇ ಆದ್ದರಿಂದ ಅದನ್ನು ಬೇರೆ ಸಾಕ್ಷಿ ಎಂದು ಹಿಡಿಯುವಂತಿಲ್ಲ. ಬುಧವಾರದ್ದನ್ನು ಶುಕ್ರವಾರ ಕೂತು ಬರೆದು ಮೇಲೆ ‘ಬುಧವಾರ’ ಎಂದು ಹಾಕುವ ಅಭ್ಯಾಸ ನನಗಿದೆ. ಅಷ್ಟು ಹೊತ್ತಿಗೆ ನಾನಾಡಿದ ಮಾತು ಸ್ವಲ್ಪ ಚುರುಕಾಗಿರುತ್ತದೆ, ಎದುರಿನವರದು ಸ್ವಲ್ಪ ಪೆದ್ದಾಗಿರುತ್ತದೆ.

ಸಕ್ಕರೆ ಡಬ್ಬಿಯ ಮಟ್ಟಿಗೆ ಅನುಮಾನವಿಲ್ಲ, ಅದು ಈಗಲೂ ಅಡುಗೆಮನೆಯಲ್ಲಿದೆ. ಅಂಗೈಯಗಲದ ಸ್ಟೀಲ್ ಡಬ್ಬಿ. ನಮ್ಮ ಕಡೆ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತಾರಲ್ಲ, ಹಾಗೆ ಇದರ ಮೇಲೆ ‘ಸ್ವರಚಿತ ಕವನ ವಾಚನ, ಪ್ರಥಮ’ ಎಂದು ಹಾಕಿಸಿದ್ದಾರೆ. ನಮ್ಮ ಕಾಲದಲ್ಲಿ ಮೈಸೂರಿನ ಕಾಲೇಜುಗಳು ಕವಿಗಳನ್ನು ಸ್ಟೀಲಿನಲ್ಲೇ ಗೌರವಿಸುತ್ತಿದ್ದವು. ಪ್ರಥಮಕ್ಕೆ ಡಬ್ಬಿ, ದ್ವಿತೀಯಕ್ಕೆ ತಟ್ಟೆ, ಸಮಾಧಾನಕರಕ್ಕೆ ಸೌಟು. ಸೌಟು ತೆಗೆದುಕೊಂಡು ಮನೆಗೆ ಹೋದ ಕವಿಗೆ ಅದೆಂಥ ಸಮಾಧಾನ ಆಗಿರಬಹುದೋ.

ಉಷಾ ಆಂಟಿ ಇಲ್ಲಿ ಸಿಂಗಪುರದಲ್ಲಿ, ನಮ್ಮ ಟೋವಾ ಪಾಯೋ ಬ್ಲಾಕಿನಲ್ಲೇ ಎರಡು ಮಹಡಿ ಮೇಲಿದ್ದಾರೆ. ಇಲ್ಲಿಯ ನಮ್ಮ ಸಣ್ಣ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಶುಗರ್ ಇದೆ ಎಂದು ಊರಿಗೆಲ್ಲ ಹೇಳಿ, ಕಾಫಿಗೆ ಇನ್ನೊಂದು ಚಮಚ ಹಾಕಿಕೊಳ್ಳಲು ಡಬ್ಬಿ ಎತ್ತಿದವರು ಅದರ ಮೇಲಿದ್ದುದನ್ನು ಓದಿದರು.

“ಏನೇ ವೀಣಾ ಇದು? ಸ್ವರಚಿತ! ನೀನು ಪೊಯೆಟ್ಟಾ? ಇಷ್ಟು ವರ್ಷ ಬಾಯೇ ಬಿಡ್ಲಿಲ್ವಲ್ಲೇ!”

“ಅಯ್ಯೋ, ಅದು ಪಿಯುಸಿಯಲ್ಲಿ ಆಂಟಿ…”

“ಸುಮ್ನಿರು. ಸ್ಯಾಟರ್ಡೇ ಪ್ರೋಗ್ರಾಮ್‌ನಲ್ಲಿ ಫ್ಯೂಷನ್ ಡಾನ್ಸ್‌ನವರು ಕ್ಯಾನ್ಸಲ್ ಮಾಡಿದ್ದಾರೆ. ಐದು ನಿಮಿಷದ ಸ್ಲಾಟ್ ಖಾಲಿ ಇದೆ. ಅದೇ ಪದ್ಯ ಹೇಳ್ಬಿಡು. ಆದ್ರೆ ಬಾಯಿಪಾಠ ಆಗಿರ್ಬೇಕು. ಸ್ಟೇಜ್ ಮೇಲೆ ಫೋನ್ ನಾಟ್ ಅಲೌಡ್.”

ಈ ನಿಯಮಕ್ಕೆ ಕಾರಣವಿತ್ತು. ಹೋದ ವರ್ಷ ಒಬ್ಬ ಮಹನೀಯರು ಫೋನ್ ನೋಡಿಕೊಂಡು ನಾಡಭಕ್ತಿಯ ಪದ್ಯ ಓದುತ್ತಿದ್ದಾಗ, ರಕ್ತ ಕುದಿಯಬೇಕಾದ ಜಾಗದಲ್ಲಿ ಊಟ ತಂದವನ ಫೋನ್ ಬಂದು, ಅವರು ಮೈಕಿನಲ್ಲೇ “ಲಾಬಿಯಲ್ಲಿಡಿ” ಎಂದಿದ್ದರು. ಚಪ್ಪಾಳೆ ಬಿದ್ದಿತ್ತು.

ಈಗ ನಿಮಗೊಂದು ಮಾತು ಹೇಳಿಬಿಡಬೇಕು. ಆ ಪದ್ಯ ನನ್ನದಲ್ಲ. ನನ್ನ ಅಕ್ಕನದು.

ಉಷಾ ಆಂಟಿಗೆ ಅಲ್ಲೇ ಹೇಳಬಹುದಿತ್ತು. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ನನ್ನ ಮಗಳು ಮೇಘಾ ಸೋಫಾದಿಂದ ತಲೆಯೆತ್ತಿ, “ವಾ, ಅಮ್ಮ, ನೀನು ಪೋಯಮ್ ಬರ್ದಿದ್ದೀಯಾ? ಸೋ ಕೂಲ್ ಲಾ!” ಎಂದಳು, ಮಾತಿನ ಬಾಲಕ್ಕೆ ಇಲ್ಲಿಯವರ ‘ಲಾ’ ಅಂಟಿಸಿ. ಅವಳಿಗೆ ಹದಿಮೂರು ತುಂಬಿದ ಮೇಲೆ ನಾನು ಕೂಲ್ ಆದದ್ದು ಅದೇ ಮೊದಲು. ತೆರೆದ ಬಾಯಿಗೆ ಒಂದು ಚಕ್ಕುಲಿ ಹಾಕಿಕೊಂಡೆ.

ಡಬ್ಬಿಯ ಬಗ್ಗೆ ನನ್ನ ಬಳಿ ಒಂದು ಕಥೆ ಇದೆ. ನಾನು ಮೊದಲ ಪಿಯುಸಿ, ಅಕ್ಕ ಬಿಎಸ್ಸಿ. ಅಂತರಕಾಲೇಜು ಸ್ಪರ್ಧೆ. ಅಕ್ಕ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ನನ್ನ ಕೈಗಿಟ್ಟು, “ನೀನೇ ಹೇಳು ಕಣೇ, ನನಗೆ ಸ್ಟೇಜ್ ಅಂದ್ರೆ ಕೈಕಾಲು ನಡುಗುತ್ತೆ” ಎಂದಳು. ಅವತ್ತು ಅವಳಿಗೆ ಜ್ವರ, ಬರಲಾಗಲಿಲ್ಲ. ನಾನು ಗೆದ್ದು ಬಂದು ಡಬ್ಬಿಯನ್ನು ಅವಳ ಹಾಸಿಗೆಯ ಪಕ್ಕದಲ್ಲಿಟ್ಟೆ. ಮದುವೆಯ ಹೊಸತರಲ್ಲಿ ಗಂಡನಿಗೆ ಈ ಕಥೆ ಹೇಳಿದಾಗ ಇಷ್ಟೇ ಇತ್ತು. ಆಮೇಲೆ ಹಾಳೆಯ ಮೂಲೆಗೆ ಅರಿಸಿನದ ಕಲೆ ಬಂತು. ಇತ್ತೀಚೆಗೆ ಅಕ್ಕನ ಜಡೆಯಿಂದ ಕನಕಾಂಬರ ಕೂಡ ಇಳಿಬಿದ್ದಿದೆ. ವರ್ಷ ಕಳೆದಂತೆ ಮಸುಕಾಗುವ ಬದಲು ಹೊಳಪೇರುತ್ತಿರುವ ನೆನಪನ್ನು ನಂಬಬಾರದು. ಯಾರೋ ಒಳಗೆ ಕೂತು ಪಾಲಿಶ್ ಹಾಕುತ್ತಿದ್ದಾರೆ ಎಂದೇ ಅರ್ಥ.

ಇದು ನನ್ನ ಕಸುಬಿನ ಮಾತೂ ಹೌದು. ಸೆಲೆಟಾರಿನಲ್ಲಿ ವಿಮಾನಗಳ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ನಾನು ದಾಖಲೆ ತಪಾಸಣೆ ಮಾಡುತ್ತೇನೆ. ನಮ್ಮಲ್ಲಿ ನೆನಪಿನಿಂದ ಕೆಲಸ ಮಾಡುವುದು ತಪ್ಪು. ಸಾವಿರ ಸಲ ಚಕ್ರ ಬದಲಿಸಿದವನೂ ಸಾವಿರದ ಒಂದನೆಯ ಸಲ ಮ್ಯಾನುಯಲ್ ತೆರೆದಿಟ್ಟುಕೊಂಡೇ ಬೋಲ್ಟಿಗೆ ಕೈ ಹಾಕಬೇಕು. ಪ್ರತಿ ಹಂತಕ್ಕೂ ಅದನ್ನು ಯಾರು ಮಾಡಿದರೋ ಅವರೇ ಸಹಿ ಹಾಕಬೇಕು. ಒಬ್ಬ ಮಾಡಿದ ಕೆಲಸಕ್ಕೆ ಇನ್ನೊಬ್ಬ ಸಹಿ ಹಾಕಿದ್ದು ಕಂಡರೆ ನಾನು ಅವನನ್ನು ಕರೆಸಿ ಕೂರಿಸಿಕೊಂಡು, ಬಹಳ ಮೃದುವಾಗಿ, ಅವನ ಇಡೀ ದಿನ ಹಾಳು ಮಾಡುತ್ತೇನೆ. ಹದಿನಾಲ್ಕು ವರ್ಷದಿಂದ ಈ ಕೆಲಸಕ್ಕೆ ಸಂಬಳ ಎಣಿಸಿಕೊಳ್ಳುತ್ತಿದ್ದೇನೆ. ಮನೆಯಲ್ಲಿ ಡಬ್ಬಿಯಿಂದ ಸಕ್ಕರೆ ತೆಗೆದು ಕಾಫಿ ಕುಡಿಯುತ್ತಿದ್ದೇನೆ.

ಇರಲಿ, ಬಾಯಿಪಾಠಕ್ಕೆ ಬರೋಣ. ಮೂರು ದಿನದಲ್ಲಿ ಪದ್ಯ ಕಲಿಯುವುದು ಹೇಗೆ ಎಂದು ಕೇಳಿದರೆ ಸಲಹೆ ಕೊಡದವರು ಈ ದ್ವೀಪದಲ್ಲಿ ಇಲ್ಲ. ಉಷಾ ಆಂಟಿಯ ಪ್ರಕಾರ ದಿನಾ ಬೆಳಿಗ್ಗೆ ಎರಡು ನೆನೆಸಿದ ಬಾದಾಮಿ. ಮೂರು ದಿನಕ್ಕೆ ಆರು ಬಾದಾಮಿ, ಇಪ್ಪತ್ತು ಸಾಲು. ಒಂದೊಂದು ಬಾದಾಮಿಯೂ ಮೂರು ಸಾಲಿಗಿಂತ ಹೆಚ್ಚು ಹೊರಬೇಕು. ಇಂಟರ್ನೆಟ್ಟಿನವರು ಮನೆಯ ಒಂದೊಂದು ಜಾಗದಲ್ಲಿ ಒಂದೊಂದು ಸಾಲು ಇಟ್ಟು, ಮನಸ್ಸಿನಲ್ಲೇ ಮನೆ ಸುತ್ತಿ ಬನ್ನಿ ಎನ್ನುತ್ತಾರೆ. ಅವರೆಲ್ಲ ಬಂಗಲೆಗಳಲ್ಲಿರಬೇಕು. ನಮ್ಮ ಫ್ಲಾಟಿನಲ್ಲಿ ಎರಡು ಚರಣಕ್ಕೇ ಜಾಗ ಮುಗಿಯಿತು. ಮೂರನೆಯದನ್ನು ವಾಷಿಂಗ್ ಮೆಷಿನ್ ಮೇಲೆ ಇಟ್ಟಿದ್ದೆ. ನನ್ನ ಗಂಡ ಅದರ ಮೇಲೆ ಈರುಳ್ಳಿ ಚೀಲ ಇಟ್ಟರು. ಆಮೇಲೆ ಆ ಚರಣ ನೆನಪಿಸಿಕೊಂಡಾಗಲೆಲ್ಲ ಮೊದಲು ಈರುಳ್ಳಿಯೇ ಬರುತ್ತಿತ್ತು.

ಮೇಘಾಳ ಉಪಾಯ ಪರವಾಗಿಲ್ಲ. ಪ್ರತಿ ಪದದ ಮೊದಲ ಅಕ್ಷರ ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಂಡು ಅದನ್ನೇ ನೋಡಿ ಹೇಳುವುದು. “ಸೈನ್ಸ್ ಟೆಸ್ಟ್‌ಗೆ ನಾನು ಹಂಗೇ ಮಾಡೋದು. ಬ್ರೇನ್ ಫಿಲ್ ಮಾಡ್ಕೊಳುತ್ತೆ ಲಾ.” ಬ್ರೇನ್ ನಿಜಕ್ಕೂ ತುಂಬಿಕೊಳ್ಳುತ್ತದೆ. ಏನನ್ನು ತುಂಬಿಕೊಳ್ಳುತ್ತದೆ ಎನ್ನುವುದು ಬೇರೆ ಪ್ರಶ್ನೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಸಲಹೆ ನಮ್ಮ ಹಿರಿಯ ಟೆಕ್ನಿಶಿಯನ್ ಹಾಶಿಮ್ ಅವರದು. ದಿನ ಹಾಳು ಮಾಡಲು ನನಗೆ ಒಂದು ನೆಪವೂ ಸಿಗದಷ್ಟು ಅಚ್ಚುಕಟ್ಟಾದ ಮನುಷ್ಯ. ಕ್ಯಾಂಟೀನಿನಲ್ಲಿ ನನ್ನ ಚೀಟಿ ನೋಡಿ ನಕ್ಕರು.

“ವೀಣಾ, ನೀವು ನೆನಪಿನಿಂದ ಕೆಲಸ ಮಾಡ್ತಿದ್ದೀರಾ? ಯಾರಿಗೆ ರಿಪೋರ್ಟ್ ಮಾಡ್ಲಿ?”

“ಮೊದಲು ಉಪಾಯ ಹೇಳಿ, ಆಮೇಲೆ ರಿಪೋರ್ಟ್ ಮಾಡಿ.”

“ಕೊನೇ ಸಾಲಿಂದ ಶುರು ಮಾಡಿ ಲಾ. ಕೊನೇದು, ಅದರ ಹಿಂದಿನದು, ಅದರ ಹಿಂದಿನದು. ಎಲ್ಲರಿಗೂ ಶುರು ಚೆನ್ನಾಗಿ ಬರುತ್ತೆ, ಹೋಗ್ತಾ ಹೋಗ್ತಾ ಕತ್ತಲೆ. ಹೀಗೆ ಕಲಿತರೆ ಹೋಗ್ತಾ ಹೋಗ್ತಾ ಬೆಳಕು.”

ನೀವೂ ಮಾಡಿ ನೋಡಿ, ಕೆಲಸ ಮಾಡುತ್ತದೆ. ಆದರೆ ಕೊನೆಯಿಂದ ಶುರು ಮಾಡಲು ಕೊನೆ ಗೊತ್ತಿರಬೇಕು. ನನಗೆ ಇಪ್ಪತ್ತರಲ್ಲಿ ಬರುತ್ತಿದ್ದದ್ದು ಹದಿಮೂರು ಸಾಲು, ಕೊನೆಯ ಚರಣ ಪೂರ್ತಿ ಮಂಗಮಾಯ. ಬೇರೆ ದಾರಿಯಿಲ್ಲದೆ ಗುರುವಾರ ಊಟದ ಬಿಡುವಿನಲ್ಲಿ ಹೊರಗಿನ ಬಸ್ ಸ್ಟಾಪಿನಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಹತ್ತು ಗಂಟೆ. ಅಕ್ಕ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತಾಳೆ, ಆ ಹೊತ್ತಿಗೆ ಬಿಡುವಿರುತ್ತದೆ.

“ಅಕ್ಕ, ನಿನ್ನ ಆ ಹಗ್ಗದ ಪದ್ಯ ನೆನಪಿದೆಯಾ?”

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

“ಯಾಕೆ?”

“ಇಲ್ಲಿ ಸಂಘದಲ್ಲಿ ಹೇಳ್ಬೇಕು. ನನಗೆ ಅಲ್ಲಲ್ಲಿ ಬಿಟ್ಟುಹೋಗಿದೆ.”

“ಪೆನ್ ಇದೆಯಾ? ಬರ್ಕೋ.”

ಮೂವತ್ತು ವರ್ಷದ ಹಿಂದಿನ ಪದ್ಯ. ಪ್ರಮೇಯ ಬರೆಸುವವಳಂತೆ, ಎಲ್ಲಿ ಅಲ್ಪವಿರಾಮ ಎನ್ನುವುದನ್ನೂ ಸೇರಿಸಿ ಬರೆಸತೊಡಗಿದಳು. ಹಾಳೆ ನೋಡಿ ಹೇಳುತ್ತಿದ್ದೀಯಾ ಎಂದರೆ, “ಯಾವ ಹಾಳೆ? ಆ ನೋಟ್‌ಬುಕ್ಕೆಲ್ಲ ಮನೆಗೆ ಸುಣ್ಣ ಹೊಡೆಸುವಾಗ ರದ್ದಿಗೆ ಹೋಯ್ತು” ಎಂದಳು.

ಪದ್ಯ ಬಟ್ಟೆ ಒಣಗಿಸುವ ಹಗ್ಗದ ಮೇಲಿನದು. ಮೂರನೆಯ ಚರಣ ಬಂತು.

ಅಪ್ಪನ ಅಂಗಿಗೆ ನಡುಹಗ್ಗ, ನಡುಬಿಸಿಲು,
ಪಂಚೆಗೆ ಗಾಳಿ ಬಂದಷ್ಟೂ ಜಾಗ;
ಟವೆಲಿನ ಕೆಳಗೆ ನನ್ನದೊಂದು ಚೂರು,
ಬಿಸಿಲು ಕೇಳಿದರೆ ಇಲ್ಲ ಎನ್ನಬೇಕು ಹಗ್ಗ.

“ತಾಳು ಅಕ್ಕ, ಇದು ಹೀಗಿಲ್ಲ. ‘ಪಕ್ಕದಲ್ಲಿ ನನ್ನದೊಂದು ಮಲ್ಲಿಗೆಯ ಲಂಗ, ಬಿಸಿಲು ಬಂದರೆ ನಕ್ಕುಬಿಡುವುದು ಹಗ್ಗ.’ ನನಗೆ ಚೆನ್ನಾಗಿ ನೆನಪಿದೆ.”

“ಮಲ್ಲಿಗೆ ಲಂಗ ನೀನು ಹಾಕಿದ್ದು. ಅವತ್ತೂ ಹಾಗೇ ಹೇಳ್ದೆ.”

“ಅವತ್ತು ನೀನೆಲ್ಲಿ ಬಂದಿದ್ದೆ? ನಿನಗೆ ಜ್ವರ ಬಂದಿತ್ತಲ್ಲ.”

“ಜ್ವರ ಬಂದಿದ್ದು ನಿನಗೆ, ಮಾರನೇ ದಿನ. ಮೈಕ್ ಮುಂದೆ ಗಡಗಡ ನಡುಗ್ತಾ ನಿಂತಿದ್ದೆ. ಯಾರದೋ ದೃಷ್ಟಿ ಬಿತ್ತು ಅಂತ ಅಮ್ಮ ಮೆಣಸಿನಕಾಯಿ ಸುಟ್ಲು. ನಾನು ಹಿಂದೆ ಕಿಟಕಿ ಹತ್ರ ಕೂತಿದ್ದೆ. ಸರಿ, ನಾಲ್ಕನೇ ಚರಣ, ಬರ್ಕೋ.”

ಬರೆದುಕೊಂಡೆ. ಎರಡು ಬಸ್ಸು ಬಂದು ಹೋದವು.

ನೋಡಿ, ಹದಿನೇಳರ ಹುಡುಗಿಯೊಬ್ಬಳಿಗೆ ಪ್ರಿನ್ಸಿಪಾಲರ ಮುಂದೆ ಟವೆಲಿನ ಕೆಳಗಿನ ಚೂರಿನ ಸುದ್ದಿ ಹೇಳಲು ನಾಚಿಕೆಯಾಗಿರಬಹುದು. ಅದು ಅರ್ಥವಾಗುತ್ತದೆ. ಅಕ್ಕನ ಪದ್ಯದ ಬೆನ್ನೆಲುಬು ತೆಗೆದು ಅಲ್ಲಿಗೊಂದು ಮಲ್ಲಿಗೆ ಸಿಕ್ಕಿಸಿ, ತೀರ್ಪುಗಾರರು ತಲೆದೂಗುವ ಹಾಗೆ ಮಾಡಿ, ಡಬ್ಬಿ ಹೊಡೆದುಕೊಂಡು ಬಂದೆ. ಅದೂ ಅರ್ಥವಾಗುತ್ತದೆ. ಆದರೆ ಆಮೇಲೆ ನನ್ನ ನೆನಪು ಮಾಡಿದ ಕೆಲಸ ನೋಡಿ. ಮೂಲವನ್ನು ಅಳಿಸಿ, ತಿದ್ದಿದ್ದನ್ನೇ ಮೂಲವೆಂದು ಫೈಲ್ ಮಾಡಿ, ಸಾಕ್ಷಿಯನ್ನು ಜ್ವರ ಬರಿಸಿ ಮನೆಯಲ್ಲಿ ಮಲಗಿಸಿಬಿಟ್ಟಿತ್ತು. ನಮ್ಮ ಕಂಪನಿಯಲ್ಲಿ ಹೀಗೆ ಮಾಡಿದವನಿಗೆ ಮತ್ತೆ ಸ್ಪ್ಯಾನರ್ ಮುಟ್ಟಲು ಬಿಡುವುದಿಲ್ಲ.

ಅದಕ್ಕಿಂತ ಹೆಚ್ಚು ಕೊರೆದದ್ದು ಬೇರೆ. ವೇದಿಕೆಯ ಮೇಲೆ ನಡುಗಿದವಳು ನಾನಾದರೆ, “ನನಗೆ ಸ್ಟೇಜ್ ಅಂದ್ರೆ ಕೈಕಾಲು ನಡುಗುತ್ತೆ” ಎನ್ನುವ ಮಾತು ಯಾರದು? ಹಾಳೆ ಕೊಟ್ಟವಳದೋ, ಅವಳ ಬಾಯಿಗೆ ನಾನು ಇಟ್ಟದ್ದೋ?

ಶುಕ್ರವಾರ ಸಂಜೆ ಬ್ಲಾಕಿನ ಕೆಳಗೆ, ಮನೆ ಕಟ್ಟದೆ ಖಾಲಿ ಬಿಟ್ಟ ನೆಲಮಹಡಿಯಲ್ಲಿ, ಇಲ್ಲಿಯವರು ವಾಯ್ಡ್ ಡೆಕ್ ಎನ್ನುವಲ್ಲಿ, ಕಲ್ಲುಬೆಂಚಿನ ಮೇಲೆ ಕೂತು, ಫೋನಿನಲ್ಲಿ ಅಕ್ಕನಿಗೆ ಪದ್ಯ ಒಪ್ಪಿಸಿದೆ. ಬಾಯಿಪಾಠದ ಬಗ್ಗೆ ನನ್ನ ಸ್ವಂತ ಸಲಹೆ ಒಂದೇ: ಯಾರಿಗಾದರೂ ಒಪ್ಪಿಸಿ. ತಮ್ಮಷ್ಟಕ್ಕೆ ಹೇಳಿಕೊಂಡರೆ ಎಲ್ಲರಿಗೂ ಎಲ್ಲ ಪದ್ಯವೂ ಬರುತ್ತದೆ. ಚಿಕ್ಕಂದಿನಲ್ಲಿ ಮಗ್ಗಿ, ಪದ್ಯ, ರಾಜರ ವಂಶಾವಳಿ ಎಲ್ಲವನ್ನೂ ನಾನು ಅಕ್ಕನಿಗೇ ಒಪ್ಪಿಸುತ್ತಿದ್ದೆ. ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಏಕೆಂದರೆ ಅವಳ ಮುಖ ನೋಡಿ ತಪ್ಪಾಯಿತೆಂದು ಊಹಿಸಿ ತಿದ್ದಿಕೊಳ್ಳುತ್ತಿದ್ದೆನಂತೆ. ಒಂದು ಪದ ತಪ್ಪಿದರೂ ಮೊದಲಿನಿಂದ. ಹದಿನಾರರ ಮಗ್ಗಿಯಲ್ಲಿ ನಾನು ಎಷ್ಟು ಸಂಜೆಗಳನ್ನು ಕಳೆದಿದ್ದೇನೆಂದರೆ, ಆ ಗೋಡೆಯ ಬಿರುಕು ಈಗಲೂ ಬಿಡಿಸಬಲ್ಲೆ. ಹದಿನಾರು ಎಂಟಲಿ ಎಷ್ಟು ಎಂದು ಮಾತ್ರ ಕೇಳಬೇಡಿ.

ವಾಯ್ಡ್ ಡೆಕ್‌ನಲ್ಲೂ ಅಭ್ಯಾಸಬಲದಿಂದ ಗೋಡೆಗೆ ತಿರುಗಿದೆ. ಮೂರನೆಯ ಚರಣದಲ್ಲಿ ನಾಲಿಗೆ ತಾನಾಗಿ ಮಲ್ಲಿಗೆಗೆ ಹೊರಳಿತು.

“ಮೊದಲಿಂದ,” ಎಂದಳು ಅಕ್ಕ.

ಮೊದಲಿಂದ ಹೇಳಿದೆ. ಮತ್ತೆ ಮಲ್ಲಿಗೆ.

“ಎಷ್ಟು ಸಲ ಒಗೆದ್ರೂ ಹೋಗ್ತಿಲ್ವಲ್ಲೇ ಆ ಲಂಗ! ಮೊದಲಿಂದ.”

ಅಕ್ಕ ನಕ್ಕಳು, ನಾನೂ ನಕ್ಕೆ. ಆ ನಡುಗುವ ಮಾತು ಯಾರದು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅದರ ಬದಲು ನಾನು ಕೊನೆಯ ಚರಣದ ಅಲ್ಪವಿರಾಮದ ಬಗ್ಗೆ ಕೇಳಿದೆ. ಮೇಲೆ ನೋಡಿದರೆ ಎದುರಿನ ಇಡೀ ಬ್ಲಾಕಿನ ಕಿಟಕಿಗಳಿಂದ ಬಟ್ಟೆ ಒಣಹಾಕಿದ ಬಿದಿರುಕೋಲುಗಳು ಚಾಚಿಕೊಂಡಿದ್ದವು. ಹತ್ತಾರು ಮನೆಗಳ ಒಳಬಟ್ಟೆ ಯಾವ ಟವೆಲಿನ ಹಂಗೂ ಇಲ್ಲದೆ ಸಂಜೆಬಿಸಿಲಿನಲ್ಲಿ ತೂಗುತ್ತಿತ್ತು. ಇಲ್ಲಿ ಹುಟ್ಟಿದ್ದರೆ ಅಕ್ಕ ಆ ಚರಣ ಬರೆಯುತ್ತಲೇ ಇರಲಿಲ್ಲ. ನನಗೆ ಕದಿಯಲು ಬೇರೇನಾದರೂ ಹುಡುಕಬೇಕಾಗುತ್ತಿತ್ತು. ‘ಕದಿಯಲು’ ಎಂಬ ಪದ ನನ್ನ ಡೈರಿಯಲ್ಲಿ ಹಾಗೇ ಇದೆ. ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ಶನಿವಾರ ಕಲ್ಲಾಂಗಿನ ಹಾಲ್‌ನಲ್ಲಿ ನನಗಿಂತ ಮೊದಲು ಅತಿಥಿಗಳೊಬ್ಬರು ಕನ್ನಡ ಉಳಿಸುವ ಬಗ್ಗೆ ಇಪ್ಪತ್ತೈದು ನಿಮಿಷ ಇಂಗ್ಲಿಷಿನಲ್ಲಿ ಕಳಕಳಿಯಿಂದ ಮಾತಾಡಿದರು. ಆಮೇಲೆ ಉಷಾ ಆಂಟಿ, “ಈಗ ನಮ್ಮದೇ ಸಿಂಗಪುರದ ಕವಯಿತ್ರಿ, ತಮ್ಮ ಸ್ವರಚಿತ ಕವನದೊಂದಿಗೆ!” ಎಂದು ನನ್ನನ್ನು ಕರೆದರು. ಮೇಘಾ ಮುಂದಿನ ಸಾಲಿನಲ್ಲಿ ಫೋನ್ ಎತ್ತಿ ಹಿಡಿದಿದ್ದಳು. ಕೈಕಾಲು ನಡುಗಿದವು. ಅಕ್ಕ ಹೇಳಿದ್ದು ಸುಳ್ಳಲ್ಲ.

“ಇದು ನಾನು ಬರೆದದ್ದಲ್ಲ,” ಎಂದೆ ಮೈಕಿನಲ್ಲಿ. “ನನ್ನ ಅಕ್ಕ ಬರೆದದ್ದು. ಬಹುಮಾನ ಮಾತ್ರ ನಾನು ತಗೊಂಡೆ.”

ಹಾಲ್ ನಕ್ಕಿತು. ನಾನು ತಮಾಷೆ ಮಾಡಿದೆ ಎಂದುಕೊಂಡು ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಎರಡು ದಿನ ನಿದ್ದೆಗೆಟ್ಟು ಹೊತ್ತು ತಂದಿದ್ದ ತಪ್ಪೊಪ್ಪಿಗೆಯನ್ನು ಜನ ಬೋಂಡಾದಂತೆ ಬಾಯಿಗೆ ಹಾಕಿಕೊಂಡು ಮುಗಿಸಿದರು. ಇನ್ನೇನು ಮಾಡುವುದು, ಪದ್ಯ ಹೇಳಿದೆ. ಮೂರನೆಯ ಚರಣದಲ್ಲಿ ಟವೆಲಿನ ಕೆಳಗಿನ ಚೂರು ಟವೆಲಿನ ಕೆಳಗೇ ಬಂತು. ಹೆಂಗಸರ ಕಡೆಯಿಂದ ಒಂದು ನಗು ಎದ್ದಿತು, ಮೊದಲಿನಂಥದ್ದಲ್ಲ. ವಯಸ್ಸಾದ ಒಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದವರ ತೊಡೆಗೆ ಗುದ್ದಿದರು. ಗಂಡಸರು ಕಾರ್ಯಕ್ರಮ ಪಟ್ಟಿಯಲ್ಲಿ ಮುಂದೇನಿದೆ ಎಂದು ಆಳವಾಗಿ ಓದತೊಡಗಿದರು. ಇಪ್ಪತ್ತು ಸಾಲೂ ತಪ್ಪಿಲ್ಲದೆ ಬಂದವು.

“ಎಷ್ಟು ಹಂಬಲ್ ನಮ್ಮ ವೀಣಾ!” ಎಂದರು ಉಷಾ ಆಂಟಿ ಮೈಕಿನಲ್ಲಿ. “ಬರ್ದಿದ್ದನ್ನ ಅಕ್ಕನಿಗೇ ಡೆಡಿಕೇಟ್ ಮಾಡ್ಬಿಟ್ಲು.”

ಸಂಘದ ವಾಟ್ಸಾಪ್ ಗುಂಪಿನಲ್ಲೂ ‘ನಮ್ಮ ಕವಯಿತ್ರಿ’ ಎಂದೇ ಬಂತು. ನಾನು ತಿದ್ದುಪಡಿ ಹಾಕಿದೆ: ಪದ್ಯ ನನ್ನ ಅಕ್ಕನದು, ನಿಜವಾಗಿಯೂ, ಡೆಡಿಕೇಟ್ ಅಲ್ಲ. ಅದಕ್ಕೆ ಹನ್ನೊಂದು ಕೈಮುಗಿತ, ಎರಡು ಗುಲಾಬಿ, ಇನ್ಯಾರದೋ ಹುಟ್ಟುಹಬ್ಬಕ್ಕೆ ಹಾಕಿದ ಒಂದು ಕೇಕ್ ಬಂದವು. ಆಮೇಲೆ ಉಷಾ ಆಂಟಿ ಪ್ರತ್ಯೇಕವಾಗಿ ಫೋನ್ ಮಾಡಿದರು.

“ಯೂಟ್ಯೂಬ್‌ಗೆ ಹಾಕ್ತಿದ್ದೀವಿ ಕಣೇ. ಆ ಟವೆಲ್ ಲೈನು ಸ್ವಲ್ಪ ಬೋಲ್ಡ್ ಆಯ್ತು ಅಂತ ಕಮಿಟಿಯಲ್ಲಿ ಹೇಳ್ತಿದ್ರು. ಎಡಿಟ್ ಮಾಡಿಬಿಡೋಣ್ವಾ? ನಾಲ್ಕೇ ಲೈನು.”

“ಬೇಡ ಆಂಟಿ. ಕತ್ತರಿಸೋದಾದ್ರೆ ಪೂರ್ತಿ ಕತ್ತರಿಸಿ.”

“ಇಷ್ಟಕ್ಕೆಲ್ಲ ಯಾಕೆ ಸೀರಿಯಸ್ ಆಗ್ತೀಯಾ?”

“ಒಂದ್ಸಲ ಎಡಿಟ್ ಆಗಿದೆ ಆಂಟಿ. ಸಾಕು.”

ಅವರು ಪೂರ್ತಿ ಕತ್ತರಿಸಿದರು. ಆ ಜಾಗಕ್ಕೆ ಅತಿಥಿಗಳ ಭಾಷಣವನ್ನು ಹಿಗ್ಗಿಸಿದ್ದಾರೆ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಶನಿವಾರ ಹಾಲ್‌ನಿಂದ ಹಿಂತಿರುಗುವಾಗ ಎಂಆರ್‌ಟಿ ರೈಲಿನಲ್ಲಿ ಮೇಘಾ ಏನೋ ಲೆಕ್ಕ ಹಾಕುತ್ತಿದ್ದಳು.

“ಅಮ್ಮ, ಪೋಯಮ್ ದೊಡ್ಡಮ್ಮಂದು. ಪ್ರೈಜ್ ನಿಂದು.”

“ಹೂಂ.”

“ದೊಡ್ಡಮ್ಮಂಗೆ ಸ್ಯಾಡ್ ಆಗ್ಲಿಲ್ವಾ?”

“ಅವಳೇ ಕೊಟ್ಟದ್ದು ಕಣೆ. ನೀನೇ ಹೇಳು ಅಂತ.”

“ಯೂ ಶೂರ್ ಆರ್ ನಾಟ್?”

ಅವಳು ಸುಮ್ಮನೆ ಕೇಳಿದ್ದು. ನಾನು ಹದಿನಾಲ್ಕು ವರ್ಷದಿಂದ ಟೆಕ್ನಿಶಿಯನ್‌ಗಳನ್ನು ಕೂರಿಸಿಕೊಂಡು ಕೇಳುವ ಪ್ರಶ್ನೆಯೇ ಅದು. ಶೂರ್ ಎಂದವರನ್ನು ನಾನು ಯಾವತ್ತೂ ನಂಬಿಲ್ಲ. ಮೇಘಾ ಉತ್ತರಕ್ಕೆ ಕಾಯದೆ ಕಿವಿಗೆ ಹಾಡು ಸಿಕ್ಕಿಸಿಕೊಂಡಳು. ನಾನು ಮತ್ತೆ ಕೂಲ್ ಅಲ್ಲದವಳಾಗಿದ್ದೆ.

ಅಕ್ಕ ಆ ಸ್ಪರ್ಧೆಯಾದ ಮೇಲೆ ಪದ್ಯ ಬರೆದದ್ದನ್ನು ನಾನು ನೋಡಿಲ್ಲ. ಬರೆದು ತೋರಿಸಲಿಲ್ಲವೋ, ಬರೆಯಲೇ ಇಲ್ಲವೋ. ಪರೀಕ್ಷೆ, ಕೆಲಸ, ಮದುವೆ ಎಂದು ಕಾರಣಗಳನ್ನು ನಾನೇ ಒದಗಿಸಿಕೊಂಡಿದ್ದೆ. ಬರೆಯುವುದನ್ನು ಮರೆತವಳು ಅಲ್ಪವಿರಾಮವನ್ನು ಮೂವತ್ತು ವರ್ಷ ನೆನಪಿಟ್ಟುಕೊಳ್ಳುತ್ತಾಳೆಯೇ ಎಂದು ಮಾತ್ರ ಯೋಚಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೇಘಾ ತೆಗೆದಿದ್ದ ವಿಡಿಯೋ ಕಳಿಸಿ, ಫೋನ್ ಮಾಡಿದೆ. ಅಕ್ಕ ಆಗಲೇ ನೋಡಿದ್ದಳು. ಸೀರೆ ಚೆನ್ನಾಗಿದೆ, ಬ್ಲೌಸಿನ ತೋಳು ಯಾಕೋ ಎತ್ತಿದೆ, ಅಲ್ಲಿ ಹೊಲಿಯುವವರು ಸರಿಯಿಲ್ಲವಾ, ಪಕ್ಕದಲ್ಲಿ ನಿಂತಿದ್ದ ಹೆಂಗಸು ಯಾರು, ಅವರಿಗೆ ಶುಗರ್ ಇರುವಂತಿದೆ ಎಂದಳು. ನಾನು ಎಲ್ಲಕ್ಕೂ ಉತ್ತರ ಹೇಳಿದೆ. ಆಮೇಲೆ, ಗೋಡೆಗೆ ಮುಖ ಮಾಡಿ ನಿಂತು, ಕೇಳಿದೆ. ಆ ಕಡೆ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಸದ್ದು, ‘ಮಿಸ್’ ಎನ್ನುವ ದನಿಗಳು. “ಟ್ಯೂಷನ್ ಮಕ್ಕಳು ಬಂದ್ರು, ಇಡ್ತೀನಿ,” ಎಂದಳು.

ಅದಾಗಿ ಹನ್ನೆರಡು ದಿನವಾಯಿತು. ಹದಿಮೂರೂ ಇರಬಹುದು. ನಡುವೆ ಮೂರು ಸಲ ಮಾತಾಡಿದ್ದೇವೆ, ಗ್ಯಾಸ್ ಕನೆಕ್ಷನ್ ಬಗ್ಗೆ, ಅವಳ ಮೊಣಕಾಲು ನೋವಿನ ಬಗ್ಗೆ, ಮೇಘಾಳ ಪರೀಕ್ಷೆಯ ಬಗ್ಗೆ. ನಾನು ಇನ್ನೊಮ್ಮೆ ಕೇಳಿಲ್ಲ, ಅವಳು ಹೇಳಿಲ್ಲ. ಅವತ್ತು ನಾನು ಕೇಳಿದ ಪ್ರಶ್ನೆಯನ್ನು ತಿದ್ದದೆ, ಚುರುಕು ಮಾಡದೆ, ಅದೇ ದಿನ ಡೈರಿಯಲ್ಲಿ ಬರೆದಿಟ್ಟಿದ್ದೇನೆ:

“ಅಕ್ಕ, ಅವತ್ತು ಆ ಹಾಳೆ ನೀನೇ ನನ್ನ ಕೈಗೆ ಕೊಟ್ಟೆಯಾ?”